ಔಷಧದ ಜೊತೆ ಒಂದು ಡಬ್ಬಿ ಗುಲ್ಕಂದ

ಹಿರೇಕೆರೂರು
೪ ಜೂನ್ ೧೯೩೮

ಗೋಪಿ,

ಇಪ್ಪತ್ತೆರಡು ವರ್ಷಗಳ ಮೇಲೆ ಈ ಅಕ್ಷರದ ಗುರುತು ನಿನಗೆ ಹತ್ತುತ್ತದೆಯೋ ಇಲ್ಲವೋ, ಹೆಸರು ಮೊದಲೇ ಹೇಳಿಬಿಡುತ್ತೇನೆ. ನಾನು ಹಾನಗಲ್ಲಿನ ಸರೋಜಿ. ಬೆಳಗಾವಿಯ ಇಂಗ್ಲಿಷ್ ಶಾಲೆಯ ಬೋರ್ಡಿಂಗಿನಲ್ಲಿ ನಿನ್ನ ಪಕ್ಕದ ಮಂಚದವಳು. ಈಗ ಹಿರೇಕೆರೂರಿನ ಹತ್ತಿ ವ್ಯಾಪಾರಿ ಮಹಾಲಿಂಗಪ್ಪನವರ ಹೆಂಡತಿ, ಮೂರು ಮಕ್ಕಳ ತಾಯಿ. ನೀನು ಮುಂಬಯಿಗೆ ಹೋಗಿ ಡಾಕ್ಟರಾದದ್ದು, ಸವಣೂರಿನಲ್ಲಿ ಹೆಣ್ಣುಮಕ್ಕಳಿಗೆಂದೇ ದವಾಖಾನೆ ತೆರೆದದ್ದು ನನಗೆ ಗೊತ್ತಿತ್ತು. ಆಗ ಬರೆಯಲಿಲ್ಲ. ಗರಜು ಬಿದ್ದಾಗ ಬರೆಯುತ್ತಿದ್ದೇನೆ. ನೀನು ಹೇಗೆ ತಿಳಿದುಕೊಂಡರೂ ಸರಿ.

ಒಂದು ವರ್ಷದಿಂದ ನನಗೆ ಬಿಳಿಸೆರಗಿನ ಕಾಟ. ಹೋಗುವುದು ಒಡೆದ ಹಾಲಿನ ಗಸಿಯಂತೆ. ಅದನ್ನಾದರೂ ತಡೆದೇನು, ತುರಿಕೆ ತಡೆಯಲಾರೆ. ಕಾಲುಮಡಿಯಲು ಕೂತು ನೀರು ಬಿಟ್ಟರೆ ಉರಿ. ಲಿಂಗಪೂಜೆಗೆ ಕೂತರೆ ಅರ್ಧಕ್ಕೆ ಏಳುತ್ತೇನೆ. ಈ ಕಾಗದವನ್ನು ಯಾರೂ ಓದದಂತೆ ಇಂಗ್ಲಿಷಿನಲ್ಲಿ ಬರೆಯಬೇಕೆಂದು ಕೂತೆ. ಆ ಜಾಗದ ಹೆಸರೇ ಬರಲಿಲ್ಲ. ಒಂಬತ್ತು ವರ್ಷ ಇಂಗ್ಲಿಷ್ ಓದಿದೆವು, ಮನೆಯಲ್ಲಿ ಕನ್ನಡ ಆಡಿದೆವು, ಎರಡರಲ್ಲೂ ಅದನ್ನು ನಮಗೆ ಯಾರೂ ಕಲಿಸಲಿಲ್ಲ ನೋಡು.

ಅತ್ತೆಯವರು ಉಷ್ಣ ಎನ್ನುತ್ತಾರೆ. ಕಲ್ಲುಸಕ್ಕರೆ ನೀರು, ಕಾಮಕಸ್ತೂರಿ ಬೀಜದ ಪಾನಕ ದಿನಾ ನಡೆದಿದೆ. ಗುಣವಿಲ್ಲ. ಇವರನ್ನು ಹತ್ತಿರ ಸೇರಿಸದೆ ಏಳು ತಿಂಗಳಾಯಿತು. ಯಾಕೆಂದು ನಾನು ಹೇಳಿಲ್ಲ, ಅವರು ಕೇಳಿಲ್ಲ. ಅಂಗಡಿಯ ಗಾದಿಯ ಮೇಲೆ ಮಲಗುತ್ತಾರೆ. ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಹೋಗುತ್ತಾರೆ. ಹುಬ್ಬಳ್ಳಿಯ ಬಗ್ಗೆ ನನ್ನ ಮನಸ್ಸಿಗೆ ಒಂದು ಪ್ರಶ್ನೆ ಬರುತ್ತದೆ. ಅದನ್ನು ಕಾಗದದ ಮೇಲೆ ಇಡಲಾರೆ.

ಲಕೋಟೆಯಲ್ಲಿ ಹಾಕಿದ್ದೇನೆ, ಕಾರ್ಡು ಬರೆಯಬೇಡ. ಇಲ್ಲಿ ಕಾರ್ಡನ್ನು ಅಂಚೆಯವನಿಂದ ಹಿಡಿದು ಎಲ್ಲರೂ ಓದುತ್ತಾರೆ.

ನಿನ್ನಿಂದ ಉತ್ತರ ಕೇಳುವ ಹಕ್ಕಿಲ್ಲದವಳು,
ಸರೋಜಿ


ಸವಣೂರು
೧೨ ಜೂನ್ ೧೯೩೮

ಸರೋಜಿ,

ಅಕ್ಷರದ ಗುರುತು ಹತ್ತಿತು. ಹೆಸರು ಓದುವ ಮೊದಲೇ ಹತ್ತಿತು.

ಹಳೆಯದನ್ನು ಒಂದು ಸಲ ಹೇಳಿ ಮುಗಿಸುತ್ತೇನೆ. ನಿನ್ನ ಮದುವೆಗೆ ನಾನು ನಮ್ಮ ಮನೆಯಲ್ಲಿ ಹೇಳದೆ ಹಾನಗಲ್ಲಿಗೆ ಬಂದಿದ್ದೆ. ನಿಮ್ಮ ಮನೆಯ ಹೋಳಿಗೆ ಉಣ್ಣಬೇಕು, ಮನೆಗೆ ಹೋಗಿ ಬೇಕಾದರೆ ಬೈಸಿಕೊಳ್ಳಬೇಕು ಎಂದು ನಿಶ್ಚಯಿಸಿಕೊಂಡೇ ಬಂದಿದ್ದೆ. ಅಕ್ಕಿಕಾಳು ಹಾಕುವ ಹೊತ್ತಿಗೆ ನಿನ್ನ ಸೋದರತ್ತೆ ಬಂದು, ಗಂಡ ಸತ್ತವಳು ಮುಂದೆ ನಿಲ್ಲಬಾರದು, ಹಿಂದಿನ ಕೋಣೆಯಲ್ಲಿ ಕೂಡು ಎಂದರು. ನೀನು ಎರಡು ಮಾರು ದೂರದಲ್ಲಿದ್ದೆ. ಕೇಳಿಸಿಕೊಂಡೆ, ತಲೆ ಬಗ್ಗಿಸಿದೆ. ನಾನು ಉಣ್ಣದೆ ಹೊರಟುಹೋದೆ. ಇಷ್ಟೇ. ಹದಿನೆಂಟು ವರ್ಷದ ಮದುಮಗಳು ಏನು ಮಾಡಲು ಸಾಧ್ಯವಿತ್ತು ಎಂದು ಆಮೇಲೆ ನಾನೇ ನೂರು ಸಲ ಕೇಳಿಕೊಂಡಿದ್ದೇನೆ.

ಈಗ ಔಷಧದ ಮಾತು. ನೀನು ಬರೆದದ್ದರಿಂದ ಇದು ಒಂದು ಜಾತಿಯ ಬೂಸು ಎಂದು ತೋರುತ್ತದೆ. ಹಿಟ್ಟು ಹುದುಗಿಸುವುದರ ದಾಯಾದಿ ಎನ್ನು. ಜೊತೆಗೆ ಕಳಿಸಿದ ನೇರಳೆ ಬಣ್ಣದ ಔಷಧ ಅದನ್ನು ಕೊಲ್ಲುತ್ತದೆ. ಹತ್ತಿಯನ್ನು ನೀರಿನಲ್ಲಿ ಕುದಿಸಿ ಒಣಗಿಸಿಕೋ. ನಿಮ್ಮ ಮನೆಯಲ್ಲಿ ಹತ್ತಿಗೆ ಬರವಿಲ್ಲವಷ್ಟೆ! ಸಣ್ಣ ಉಂಡೆ ಮಾಡಿ ದಾರ ಕಟ್ಟಿ, ಔಷಧದಲ್ಲಿ ಅದ್ದಿ ಒಳಗೆ ಇಟ್ಟುಕೊಂಡು ಮಲಗು. ಬೆಳಿಗ್ಗೆ ದಾರ ಹಿಡಿದು ತೆಗೆ. ಹತ್ತು ದಿನ. ಬಟ್ಟೆಗೆ ಹತ್ತಿದ ಕಲೆ ಹೋಗುವುದಿಲ್ಲ, ಹಳೆಯ ಸೀರೆ ಉಡು. ಸಾಬೂನು ತಾಗಿಸಬೇಡ.

ನೀನು ಬರೆಯಲಾರದ ಪ್ರಶ್ನೆಯನ್ನು ನಾನು ಬರೆಯುತ್ತೇನೆ, ಅದು ನನ್ನ ಕೆಲಸ. ಈ ದವಾಖಾನೆಗೆ ಇಂಥ ತೊಂದರೆ ತರುವ ಹೆಂಗಸರಲ್ಲಿ ಬಹಳ ಮಂದಿಗೆ ಅದು ಗಂಡನಿಂದ ಬಂದಿರುತ್ತದೆ. ಹುಬ್ಬಳ್ಳಿಯಲ್ಲಿ ಅವರು ಎಲ್ಲಿ ಇಳಿದುಕೊಳ್ಳುತ್ತಾರೆಂದು ತಿಳಿದುಕೋ.

ಒಂದು ಡಬ್ಬಿ ಗುಲ್ಕಂದ ಇಟ್ಟಿದ್ದೇನೆ. ಇಲ್ಲಿನ ಎಲೆ ಅಡಿಕೆ ಅಂಗಡಿಯ ಹಯಾತ ತಾನೇ ಗುಲಾಬಿ ಪಕಳೆ ಹಾಕಿ ಮಾಡಿದ್ದು. ಬೋರ್ಡಿಂಗಿನಲ್ಲಿ ನೀನು ಡಬ್ಬಿಯ ಅಂಚು ನೆಕ್ಕುತ್ತಿದ್ದದ್ದು ನೆನಪಿದೆ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು. ಉರಿಗೆ ತಂಪು.

ಗೋಪಿಕಾಬಾಯಿ


ಹಿರೇಕೆರೂರು
೨೦ ಜುಲೈ ೧೯೩೮

ಗೋಪಿ,

ಹೋಯಿತು! ಒಂಬತ್ತನೆಯ ದಿನ ಬೆಳಿಗ್ಗೆ ಎದ್ದಾಗ ಏನೋ ಕಳೆದುಕೊಂಡಂತೆ ಅನಿಸಿತು. ಯೋಚಿಸಿದರೆ ತುರಿಕೆ ಇಲ್ಲ. ಪೂಜೆಗೆ ಪೂರಾ ಕೂತೆ. ಕಣ್ಣಲ್ಲಿ ನೀರು ಬಂತು. ಭಕ್ತಿ ಎಂದು ಅತ್ತೆಯವರು ತಿಳಿದರು, ನಾನು ತಿದ್ದಲಿಲ್ಲ.

ಇವರು ಮೊನ್ನೆಯಿಂದ ಮನೆಯೊಳಗೆ ಮಲಗುತ್ತಿದ್ದಾರೆ. ನಾನು ಹಾಸಿಗೆ ಹಾಸಿದ್ದನ್ನು ನೋಡಿ ಬಂದು ಕೂತರು. ಮರುದಿನ ಹುಬ್ಬಳ್ಳಿಗೆ ಹೋದವರು ಎರಡು ಸೇರು ಪೇಢೆ ತಂದರು. ಹುಬ್ಬಳ್ಳಿಯ ಪ್ರಶ್ನೆ ನಾನು ಕೇಳಲಿಲ್ಲ. ಸುಖದಲ್ಲಿ ಕೇಳಲು ಮನಸ್ಸಾಗಲಿಲ್ಲ.

ಗುಲ್ಕಂದ ತೀರಿತು. ಡಬ್ಬಿಯ ಅಂಚನ್ನೂ ಬಿಡಲಿಲ್ಲ.

ನಿನ್ನಿಂದ ಬದುಕಿದವಳು,
ಸರೋಜಿ


ಹಿರೇಕೆರೂರು
೨ ಸೆಪ್ಟೆಂಬರ್ ೧೯೩೮

ಗೋಪಿ,

ಮತ್ತೆ ಬಂದಿದೆ. ಮೊದಲಿಗಿಂತ ಜೋರು. ಹಿರೇಬೆಂಡಿಗೇರಿಯ ವೀರವ್ವನೆಂಬ ಮುದುಕಿ ಇದಕ್ಕೆ ತೊಗಟೆ ನೀರು ಕೊಡುತ್ತಾಳೆಂದು ಶಿಗ್ಗಾವಿಯ ನನ್ನ ತಂಗಿ ಹೇಳುತ್ತಾಳೆ. ಇವರು ಒಳಗೆ ಮಲಗತೊಡಗಿ ಐದು ವಾರವಾಗಿತ್ತು. ಲೆಕ್ಕ ನೀನೇ ಹಾಕು. ನಾನಂತೂ ಹಾಕಿದೆ.

ನಿನ್ನೆ ಅವರ ಹಾಸಿಗೆಯನ್ನು ಮತ್ತೆ ಅಂಗಡಿಗೆ ಕಳಿಸಿದೆ. ಬಾಗಿಲಲ್ಲಿ ನಿಂತು, "ನಂದೇನು ತಪ್ಪಾತು ಹೇಳು," ಎಂದರು. ನಾನು ಹೇಳಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು.

ಸರೋಜಿ


ಸವಣೂರು
೯ ಸೆಪ್ಟೆಂಬರ್ ೧೯೩೮

ಸರೋಜಿ,

ಎರಡನೆಯ ಬಾಟಲಿ ಕಳಿಸಿದ್ದೇನೆ. ಈ ಸಲ ಹದಿನಾಲ್ಕು ದಿನ.

ಅವರು ದೂರವಿದ್ದಾಗ ಹೋಯಿತು, ಹತ್ತಿರ ಬಂದಾಗ ಬಂತು. ಇದರಿಂದ ಏನು ತಿಳಿಯುತ್ತದೆ ಎಂಬುದನ್ನು ನಾನು ಬೇರೆ ಹೆಣ್ಣುಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಿನಗೂ ಹೇಳುತ್ತೇನೆ. ಇದು ಹೊರಗಿನಿಂದ ಬಂದದ್ದು. ತವರಿಗೆ ಹೋಗುವ ಮನಸ್ಸಿದ್ದರೆ ನಾನು ಬೇಡ ಎನ್ನುವುದಿಲ್ಲ.

ಇನ್ನೊಂದು ಮಾತು. ಶಿಗ್ಗಾವಿಯ ನಿನ್ನ ತಂಗಿ ಹಿರೇಬೆಂಡಿಗೇರಿಯ ವೀರವ್ವನ ತೊಗಟೆ ನೀರಿನ ಸುದ್ದಿ ಹೇಳಿದಳೆಂದು ಹಿಂದಿನ ಕಾಗದದಲ್ಲಿ ಬರೆದಿದ್ದೆ. ಹೋಗಬೇಡ. ಹೋದ ವರ್ಷ ಒಬ್ಬಳು ಸುಣ್ಣ, ಪಟಿಕ ಕೂಡಿಸಿದ ಉಂಡೆ ಇಟ್ಟುಕೊಂಡು ಒಳಗೆಲ್ಲ ಸುಟ್ಟುಕೊಂಡು ಇಲ್ಲಿಗೆ ಬಂದಳು. ಯಾರು ಕೊಟ್ಟರು ಎಂದರೆ ಹಿರೇಬೆಂಡಿಗೇರಿಯ ಔಷಧ ಎಂದಳು. ಅಂದಿನಿಂದ ಬಂದವರಿಗೆಲ್ಲ ಆ ಮುದುಕಿಯ ಹೆಸರು ಹೇಳಿ ಎಚ್ಚರಿಸುತ್ತೇನೆ.

ಗುಲ್ಕಂದ ಇನ್ನೊಂದು ಡಬ್ಬಿ. ನೀನು ಬಹಳ ಸೊರಗಿದ್ದೀಯೆಂದು ತೋರುತ್ತದೆ. ಚೆನ್ನಾಗಿ ತಿನ್ನು.

ಗೋಪಿ


ಶಿಗ್ಗಾವಿ
೧೨ ಅಕ್ಟೋಬರ್ ೧೯೩೮

ಗೋಪಿ,

ಬೈಯುವುದಿದ್ದರೆ ಈ ಕಾಗದ ಪೂರಾ ಓದಿದ ಮೇಲೆ ಬೈಯಿ.

ಎರಡನೆಯ ಬಾಟಲಿಗೆ ಹೋಯಿತು, ಹದಿನೈದು ದಿನಕ್ಕೆ ಮರಳಿತು. ಇವರು ಅಂಗಡಿಯಲ್ಲೇ ಇದ್ದರು, ಹುಬ್ಬಳ್ಳಿಗೂ ಹೋಗಿರಲಿಲ್ಲ. ಆದರೂ ಬಂತು. ಅಷ್ಟರಲ್ಲಿ ನಾನು ಟ್ರಂಕು ತುಂಬಿಯಾಗಿತ್ತು. ದೀಪಾವಳಿಗೆ ತವರಿಗೆ ಹೋಗುವುದು ವರ್ಷಾ ಇದ್ದದ್ದೇ, ಯಾರೂ ಏನೂ ಅನ್ನುವುದಿಲ್ಲ. ಈ ಸಲ ಮರಳಿ ಬರುವುದಿಲ್ಲ ಎಂಬುದು ನನಗೊಬ್ಬಳಿಗೆ ಗೊತ್ತು. ಫಾಲ್ಗುಣದಲ್ಲಿ ಹಿರಿಯ ಮಗಳ ಲಗ್ನ ಗೊತ್ತಾಗಿದೆ. ತಾಯಿ ತವರಿನಲ್ಲಿ ಕೂತರೆ ಆ ಬೀಗರು ಉಳಿಯುತ್ತಾರೆಯೆ? ಅದನ್ನು ಯೋಚಿಸಿ ಯೋಚಿಸಿ ಸಾಕಾಗಿ, ತಂಗಿಯನ್ನು ನೋಡುವ ನೆವದಿಂದ ಇಲ್ಲಿಗೆ ಬಂದು ನಿನ್ನೆ ಹಿರೇಬೆಂಡಿಗೇರಿಗೆ ಹೋದೆ.

ವೀರವ್ವ ಅರವತ್ತು ದಾಟಿದವಳು. ಕಟ್ಟೆಯ ಮೇಲೆ ಕೂತು ಒಣಗಿದ ತೊಗಟೆ ಕುಟ್ಟುತ್ತಿದ್ದಳು. ನಾನು ಹೇಳಿದ್ದನ್ನು ಕೇಳಿ ಔಷಧ ಕೊಡಲಿಲ್ಲ. ಬೆಳಿಗ್ಗೆಯಿಂದ ಏನೇನು ತಿಂದೆ ಎಂದು ಕೇಳಿದಳು. ಆಮೇಲೆ, ನಿಮ್ಮ ಬಚ್ಚಲದಲ್ಲಿ ಇರುವೆ ಹರಿಯುತ್ತವೆಯೆ ಎಂದಳು. ನನಗೆ ಆಶ್ಚರ್ಯವಾಯಿತು. ಈ ವರ್ಷ ನಮ್ಮ ಬಚ್ಚಲಿಗೆ ಇರುವೆ ಮುತ್ತಿ, ಕೆಲಸದವಳು ಬೆಲ್ಲ ಚೆಲ್ಲಿದಳೆಂದು ಅತ್ತೆಯವರು ಅವಳನ್ನು ಬೈದೂ ಬೈದೂ ಇಟ್ಟಿದ್ದಾರೆ.

ಮುದುಕಿ ನನ್ನನ್ನು ಬಣವೆಯ ಹಿಂದೆ ಬೋಳು ನೆಲಕ್ಕೆ ಕಳಿಸಿದಳು. ಅಲ್ಲೇ ನೀರು ಬಿಟ್ಟು ಬಾ ಎಂದಳು. ಬಂದ ಮೇಲೆ ರೊಟ್ಟಿ ಪಲ್ಯ ಹಾಕಿ ಉಣ್ಣಿಸಿದಳು. ಉಂಡಾದ ಮೇಲೆ ಕೈಹಿಡಿದು ಕರಕೊಂಡು ಹೋಗಿ ತೋರಿಸಿದಳು. ಆ ಒದ್ದೆಯ ಸುತ್ತ ಕಪ್ಪು ಸಾಲು, ಗೋಪಿ. ಸಂತೆಗೆ ಬಂದಂತೆ ಬರುತ್ತಿದ್ದವು.

"ನೋಡ್ದಿ?" ಎಂದಳು. "ನಿನ್ನ ಮೈಯಾಗಿಂದ ಸಕ್ಕರಿ ಹೊಂಟೈತಿ. ನಾ ತೊಗಟಿ ನೀರು ಕೊಡ್ತೇನಿ, ತೊಳಕೊ, ಉರಿ ಇಳಿತೈತಿ. ಬ್ಯಾನಿ ಹೋಗೂದಿಲ್ಲ. ನೀ ದಿನಾ ಸಿಹಿ ತಿಂದು ಅದಕ್ಕ ಕೂಳು ಹಾಕಾಕತ್ತಿ. ಕೂಳು ಹಾಕಿದ ನಾಯಿ ಬಾಗಲಾ ಬಿಟ್ಟು ಹೋಗ್ತೈತೇನಬೇ?"

ಮರಳಿ ಕಟ್ಟೆಗೆ ಬಂದು ಅವಳು ಕುಟ್ಟತೊಡಗಿದಾಗ, ಇದು ಗಂಡನಿಂದ ಬಂದದ್ದಲ್ಲವೆ ಎಂದು ಕೇಳಿದೆ. ಕುಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಯಾರು ಹೇಳಿದ್ರು ನಿನಗ? ಗಂಡಸರ ಮ್ಯಾಲ ಹಾಕಾಕ ಬ್ಯಾರೆ ತಪ್ಪು ಸಾಕಷ್ಟದಾವ. ಇಲ್ಲದ್ದು ಹಾಕಬ್ಯಾಡ."

ಯಾರು ಹೇಳಿದರೆಂದು ನಾನು ಹೇಳಲಿಲ್ಲ. ಅವಳೇ ಮುಂದೆ ಹೇಳಿದಳು, ಇದು ತನ್ನ ಕೈಮೀರಿದ್ದು, ಸವಣೂರಿನ ಡಾಕ್ಟರಬಾಯಿಯ ಹತ್ತಿರ ಗಾಜಿನ ನಳಿಗೆ ಇದೆಯಂತೆ, ಅವರು ಕಾಸಿ ನೋಡಿ ಸಕ್ಕರೆ ಎಷ್ಟೆಂದು ಹೇಳುತ್ತಾರಂತೆ, ಅಲ್ಲಿಗೆ ಹೋಗು ಎಂದು. "ನನ್ನ ಹೆಸರು ಮಾತ್ರ ಹೇಳಬ್ಯಾಡ. ಆಕಿಗೆ ನನ್ನ ಕಂಡ್ರ ಆಗೂದಿಲ್ಲ," ಎಂದಳು.

ನಾನು ಹೇಳಿಬಿಟ್ಟೆ ನೋಡು.

ದಿನಕ್ಕೆ ಎರಡು ಚಮಚ ಗುಲ್ಕಂದ. ನಿನ್ನ ಮೇಲೆ ಸಿಟ್ಟಿಲ್ಲ. ಇಲ್ಲವೆಂದು ಬರೆಯಲು ಮೂರು ಸಲ ಕೂತೆ, ಅಷ್ಟು ಮಾತ್ರ ತಿಳಿಸುತ್ತೇನೆ.

ಸರೋಜಿ


ಸವಣೂರು
೧೫ ಅಕ್ಟೋಬರ್ ೧೯೩೮

ಸರೋಜಿ,

ನೀನು ಹಿರೇಕೆರೂರಿಗೆ ಮರಳಿರುತ್ತೀಯೆಂದು ಇದನ್ನು ಅಲ್ಲಿಗೇ ಹಾಕುತ್ತಿದ್ದೇನೆ. ಹಾನಗಲ್ಲಿಗೆ ಹೋಗುವ ಮೊದಲು ಇಲ್ಲಿಗೆ ಬಾ. ಹಾವೇರಿಯಲ್ಲಿ ರೈಲು ಹತ್ತಿ ಯಲವಿಗಿಯಲ್ಲಿ ಇಳಿ. ಬುಧವಾರ ಟಾಂಗಾ ತಕ್ಕೊಂಡು ನಾನೇ ನಿಂತಿರುತ್ತೇನೆ.

ಡಬ್ಬಿಯಲ್ಲಿ ಉಳಿದದ್ದನ್ನು ಚೆಲ್ಲಿಬಿಡು.

ಗೋಪಿ


ಸವಣೂರು
೨೬ ಅಕ್ಟೋಬರ್ ೧೯೩೮

ಸರೋಜಿ,

ಇದನ್ನು ಹಾನಗಲ್ಲಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಹಬ್ಬ ಮುಗಿದಿದೆ. ನೀನು ಇನ್ನೂ ಅಲ್ಲೇ ಇದ್ದೀಯೋ, ಹಿರೇಕೆರೂರಿಗೆ ಹೋದೆಯೋ ಗೊತ್ತಿಲ್ಲ. ನೀನು ಇಲ್ಲಿದ್ದ ಎರಡು ದಿನದಲ್ಲಿ ಹೇಳಬೇಕಾದದ್ದನ್ನು ನಾನು ಹೇಳಲಿಲ್ಲ. ಔಷಧ, ಪಥ್ಯ ಎಂದು ಮಾತಾಡುತ್ತಲೇ ಇದ್ದೆ. ಬಾಯಿಂದ ಬಾರದ್ದನ್ನು ಬರೆಯುತ್ತೇನೆ.

ನೀಲಿ ದ್ರಾವಣಕ್ಕೆ ನಿನ್ನ ಮೂತ್ರದ ಎಂಟು ಹನಿ ಹಾಕಿ ದೀಪದ ಮೇಲೆ ಹಿಡಿದಾಗ ನೀನು ಬಣ್ಣ ನೋಡುತ್ತಿದ್ದೆ. ಹಸಿರಾಯಿತು, ಹಳದಿಯಾಯಿತು, ಇಟ್ಟಿಗೆಯಂತಾಯಿತು. "ಚಂದ ಆತಲ್ಲ," ಎಂದು ನೀನು ನಕ್ಕೆ. ನನಗೆ ನಗು ಬರಲಿಲ್ಲ. ಸಿಹಿಮೂತ್ರದವರಿಗೆ ಈ ಬೂಸು ಮೇಲಿಂದ ಮೇಲೆ ಬರುತ್ತದೆಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಮುಂಬಯಿಯ ಕೊನೆಯ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಿತ್ತು. ಉತ್ತರ ಬರೆದು ಪಾಸಾದೆ. ಹದಿನಾಲ್ಕು ವರ್ಷದ ಮೇಲೆ ಅದೇ ಪ್ರಶ್ನೆಯನ್ನು ನೀನು ಕನ್ನಡದಲ್ಲಿ ಬರೆದು ಕಳಿಸಿದಾಗ, ಉತ್ತರದ ಬದಲು ಗುಲ್ಕಂದ ಕಳಿಸಿದೆ. ಉರಿ ಎಂದರೆ ಉಷ್ಣ, ಉಷ್ಣಕ್ಕೆ ತಂಪು, ತಂಪಿಗೆ ಸಿಹಿ: ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ, ನನ್ನ ಅಜ್ಜಿ ಕಲಿಸಿದ್ದು. ಅಜ್ಜಿಯ ಮಾತು ನನ್ನೊಳಗೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಕಷಾಯ ಕೊಡುವವರನ್ನೆಲ್ಲ ಅಜ್ಞಾನಿಗಳೆಂದು ಬೈಯುತ್ತಿದ್ದವಳು ನಾನು.

ಅದು ಮರೆವು. ಎರಡನೆಯದು ಮರೆವಲ್ಲ. ನಿನ್ನ ಗಂಡನನ್ನು ನಾನು ಕಂಡದ್ದು ಒಂದೇ ದಿನ, ಅದೂ ಬಾಸಿಂಗ ಕಟ್ಟಿಕೊಂಡು ಕೂತಾಗ. ಅಷ್ಟರ ಮೇಲೆ ಅವರ ನಡತೆಯ ಬಗ್ಗೆ ಎರಡು ಕಾಗದ ಬರೆದೆ. ದವಾಖಾನೆಯಲ್ಲಿ ಕಂಡದ್ದರಿಂದ ಹಾಗೆ ಬರೆದೆನೆಂದು ನನಗೆ ನಾನೇ ಹೇಳಿಕೊಂಡೆ. ನಿಜವಿರಬಹುದು. ಆದರೆ ಆ ಮದುವೆಯ ದಿನದ ಸಿಟ್ಟೇ ನನ್ನ ಲೇಖಣಿ ಹಿಡಿದಿರಲಿಲ್ಲವೆಂದು ಆಣೆ ಮಾಡಿ ಹೇಳಲಾರೆ. ನೀನು ಟ್ರಂಕು ತುಂಬಿದ್ದು ನನ್ನ ಮಾತಿನ ಮೇಲೆ. ಈಗ ಅದೇ ಕೈಯಿಂದ ಬರೆಯುತ್ತೇನೆ: ಅವರಲ್ಲಿ ತಪ್ಪಿಲ್ಲ. ಈ ಕಾಗದವನ್ನು ಅವರಿಗೆ ತೋರಿಸಬೇಕೆಂದರೆ ತೋರಿಸು.

ಮೊನ್ನೆ ಹಿರೇಬೆಂಡಿಗೇರಿಗೆ ಹೋಗಿದ್ದೆ. ಶಿಗ್ಗಾವಿಯವರೆಗೆ ಮೋಟಾರು, ಮುಂದೆ ಚಕ್ಕಡಿ. ವೀರವ್ವ ನನ್ನನ್ನು ನೋಡಿ ಏಳಲಿಲ್ಲ. "ಬರ್ರಿ ಬಾಯಾರ, ಕುಂದರ್ರಿ. ಬೈಯಾಕ ಇಷ್ಟು ದೂರ ಬಂದ್ರೇನು?" ಎಂದಳು. ಬೈಯಲು ಬಂದಿಲ್ಲ ಎಂದೆ. ಸುಣ್ಣದಿಂದ ಸುಟ್ಟುಕೊಂಡವಳ ವಿಷಯ ಕೇಳಿದೆ. ವೀರವ್ವ ಆ ಹೆಂಗಸಿಗೆ ಕೊಟ್ಟದ್ದು ತೊಗಟೆ ನೀರು ಮಾತ್ರವಂತೆ. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲವೆಂದು ಸಂತೆಯಲ್ಲಿ ಯಾರೋ ಮಾರುತ್ತಿದ್ದ ಉಂಡೆಯನ್ನು ಅವಳೇ ಕೊಂಡು ಇಟ್ಟುಕೊಂಡಳಂತೆ.

"ನನ್ನ ಹೆಸರು ಹೇಳಿದ್ಲು, ನೀವು ನಂಬಿದ್ರಿ," ಎಂದಳು. "ನಿಮ್ಮ ದವಾಖಾನ್ಯಾಗ ಕೈ ತೊಳಿಯಾಕ ಕೊಟ್ಟ ಕೆಂಪು ಸಾಬಾಣ ಆ ಜಾಗಕ್ಕ ಹಚ್ಚಿ ಹಚ್ಚಿ ಸುಟ್ಕೊಂಡು ಮೂರು ಮಂದಿ ನನ್ನ ಕಡೆ ಬಂದಾರ. ಅವರಿಗೆ ಬೆಣ್ಣಿ ಹಚ್ಚೇನಿ. ನಾ ನಿಮ್ಮ ಹೆಸರು ಊರ ತುಂಬ ಹೇಳಲಿಲ್ಲರಿ."

ತಪ್ಪಾಯಿತು ಎಂದೆ. ಅವಳು ಎದ್ದು ಮಜ್ಜಿಗೆ ತಂದುಕೊಟ್ಟಳು. ಕುಡಿದೆ. ನಿನಗೆ ಇರುವೆ ತೋರಿಸಿದ್ದಕ್ಕೆ ಏನು ಕೊಡಲಿ ಎಂದು ಕೇಳಿದರೆ, ದುಡ್ಡು ಬೇಡ, ಆ ಗಾಜಿನ ನಳಿಗೆಯ ಆಟ ಕಲಿಸಿಕೊಡ್ರಿ ಎಂದಳು. ಮಳೆಗಾಲದಲ್ಲಿ ಇರುವೆ ಬರುವುದಿಲ್ಲವಂತೆ, ಆಗ ಕಷ್ಟವಂತೆ. ತೊಗಟೆ ಯಾವುವು ಎಂದು ನಾನು ಕೇಳಿದೆ. ಆಲ, ಅರಳಿ, ಅತ್ತಿ, ಬಸರಿ ಎಂದು ನಾಲ್ಕು ಬೆರಳು ಮಡಚಿ ನಿಲ್ಲಿಸಿದಳು. ಐದನೆಯದು? "ಅದನ್ನೂ ಹೇಳಿದ್ರ ಆಮ್ಯಾಲ ನಾ ಯಾರಿಗೆ ಬೇಕ್ರಿ?"

ನಿನಗೆ ಈಗ ಕೊಟ್ಟಿರುವುದು ಅದೇ ನೇರಳೆ ಔಷಧ. ಬೆಳಿಗ್ಗೆ ಅವಳ ತೊಗಟೆ ನೀರಿನಿಂದ ಹೊರಗಷ್ಟೆ ತೊಳೆದುಕೋ, ಉರಿಗೆ ಅದು ಒಳ್ಳೆಯದೆಂದು ನಿನ್ನನ್ನು ನೋಡಿಯೇ ನನಗೆ ತಿಳಿದದ್ದು. ಬೂಸನ್ನು ಕೊಲ್ಲುವುದು ಔಷಧವೇ. ಎರಡರ ಗುಣವೂ ನಿಲ್ಲುವುದು ನೀನು ಸಿಹಿ ಬಿಟ್ಟರೆ ಮಾತ್ರ. ಸಿಹಿಮೂತ್ರ ಹೋಗುವ ರೋಗವಲ್ಲ, ಹದ್ದುಬಸ್ತಿನಲ್ಲಿಡುವ ರೋಗ. ಪಥ್ಯದಿಂದ ಸಾಲದೆ ಹೋದರೆ ಮುಂದೆ ಸೂಜಿಮದ್ದು ಬೇಕಾದೀತು. ಅದನ್ನು ಮುಚ್ಚಿಡುವುದಿಲ್ಲ.

ತಿಂಗಳಿಗೊಮ್ಮೆ ಬರಬೇಕು. ನಳಿಗೆಯಲ್ಲಿ ನೋಡಲಿಕ್ಕೆ. ನನ್ನನ್ನು ನೋಡಲಿಕ್ಕೂ ಎಂದು ಸೇರಿಸುವ ಧೈರ್ಯ ಈಗ ಬಂತು.

ಗೋಪಿ


ಹಿರೇಕೆರೂರು
೨೪ ನವೆಂಬರ್ ೧೯೩೮

ಗೋಪಿ,

ಮೇಲಿನ ಊರಿನ ಹೆಸರು ನೋಡಿದೆಯಲ್ಲ? ಅದೇ ನನ್ನ ಉತ್ತರ. ಆದರೂ ಆದದ್ದು ಹೇಳುತ್ತೇನೆ.

ಪಾಡ್ಯ ಕಳೆದು ನಾಲ್ಕನೆಯ ದಿನ ಇವರು ಹಾನಗಲ್ಲಿಗೆ ಬಂದರು. ಕೈಯಲ್ಲಿ ಪೇಢೆಯ ಪುಡಿಕೆ. ಅಣ್ಣ ಅತ್ತಿಗೆ ಅಳಿಯತನದ ಉಪಚಾರ ಮಾಡಿದರು. ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಕೂತಾಗ ನಾನು ಹೋಗಿ ಎದುರಿಗೆ ಕೂತೆ. ಅವರೇ ಮೊದಲು ಮಾತು ತೆಗೆದರು. ಏನು ಹೇಳಿದರು ಗೊತ್ತೆ? ಜೂನ್‌ನಿಂದ ನನ್ನ ಬೆರಳಿಗೆ ನೇರಳೆ ಕಲೆ ನೋಡುತ್ತಿದ್ದರಂತೆ. ಮಸಿ ಎಂದು ತಿಳಿದಿದ್ದರಂತೆ. ತನ್ನ ಮೇಲೆ ಫಿರ್ಯಾದಿ ಹೇಳಿ ತವರಿಗೆ ಕಾಗದದ ಮೇಲೆ ಕಾಗದ ಬರೆಯುತ್ತಿದ್ದಾಳೆ, ಒಂದು ದಿನ ಹೋಗಿಬಿಡುತ್ತಾಳೆ ಎಂದು ಕಾಯುತ್ತಿದ್ದರಂತೆ. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ನಿನ್ನ ಕಾಗದ ಅವರ ಕೈಯಲ್ಲಿಟ್ಟೆ. ಹೇಳಲು ಬಾಯಿಲ್ಲದ್ದಕ್ಕೆ ಇಟ್ಟೆ. ಓದಲು ಬಹಳ ಹೊತ್ತು ಹಿಡಿಯಿತು. ನಿನ್ನ ತಪ್ಪೊಪ್ಪಿಗೆಯ 'ಅವರಲ್ಲಿ ತಪ್ಪಿಲ್ಲ' ಎಂಬ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ನಾನು ಕ್ಷಮೆ ಕೇಳಿದೆ. ಸಂಶಯಪಟ್ಟದ್ದಕ್ಕೆ, ಕೇಳದೆ ಇದ್ದದ್ದಕ್ಕೆ. ಸಿಟ್ಟಾಗುತ್ತಾರೆಂದು ಕಾದೆ.

"ನಾನೂ ಕೇಳಲಿಲ್ಲಲ್ಲ," ಎಂದರು. ಆಮೇಲೆ ಪುಡಿಕೆಯ ಕಡೆ ನೋಡಿ, "ಅಂದ್ರ ಇಷ್ಟು ದಿನ ನಾ ತಂದಿದ್ದೂ ಬ್ಯಾನಿಗೇ ಹೋತು," ಎಂದರು. ಪುಡಿಕೆ ಎತ್ತಿ ಅಣ್ಣನ ಮಕ್ಕಳಿಗೆ ಕೊಟ್ಟುಬಂದರು.

ಔಷಧ ಮುಗಿದು ಎರಡು ವಾರವಾಯಿತು. ತುರಿಕೆ ಇಲ್ಲ, ಬಿಳಿಸೆರಗಿಲ್ಲ. ಇನ್ನೂ ಗೆದ್ದೆ ಅನ್ನುವುದಿಲ್ಲ. ಬಚ್ಚಲದಲ್ಲಿ ಇರುವೆ ಕಡಿಮೆಯಾಗಿವೆ. ಅತ್ತೆಯವರಿಗೆ ವಿಷಯ ಹೇಳಿದೆ. ಅವರು ಕೆಲಸದವಳನ್ನು ಕರೆದು ಒಂದು ಕುಪ್ಪಸದ ಕಣ ಕೊಟ್ಟರು, ಯಾಕೆಂದು ಹೇಳಲಿಲ್ಲ. ಕಲ್ಲುಸಕ್ಕರೆಯ ಭರಣಿಯನ್ನು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದ್ದಾರೆ. ಹೋದ ಸಂತೆಯ ದಿನ ಇವರು ಹುಬ್ಬಳ್ಳಿಯಿಂದ ಬಂದರು. ಎಂದಿನಂತೆ ಪೇಢೆ ಅಂಗಡಿಯ ಕಾಗದದ ಪುಡಿಕೆ, ದಾರ ಕಟ್ಟಿದ್ದು. ನನ್ನ ಮುಂದೆ ಇಟ್ಟರು. ಮರೆತರೇನೋ ಎಂದು ಬೇಸರದಿಂದ ಬಿಚ್ಚಿದೆ. ಒಳಗೆ ಹಾಗಲಕಾಯಿ. ಎಳೆಯವನ್ನು ಆರಿಸಿ ತಂದಿದ್ದರು.

ಫಾಲ್ಗುಣದ ಲಗ್ನಕ್ಕೆ ನೀನು ಬರಬೇಕು. ಲಗ್ನ ಇಲ್ಲೇ, ನನ್ನ ಮನೆಯಲ್ಲಿ. ಅಕ್ಕಿಕಾಳು ಹಾಕುವ ಹೊತ್ತಿಗೆ ನೀನು ನನ್ನ ಪಕ್ಕ ನಿಲ್ಲಬೇಕು. ಸೋದರತ್ತೆ ಈಗಿಲ್ಲ, ಆದರೆ ಅವರಂಥವರು ಇದ್ದೇ ಇರುತ್ತಾರೆ. ಈ ಸಲ ಯಾರಾದರೂ ಏನಾದರೂ ಅಂದರೆ ನಾನು ತಲೆ ಬಗ್ಗಿಸುವುದಿಲ್ಲ. ಅವತ್ತು ನನಗೆ ಕೇಳಿಸಿತ್ತು, ಗೋಪಿ. ಇಪ್ಪತ್ತೆರಡು ವರ್ಷ ಕೇಳಿಸುತ್ತಲೇ ಇತ್ತು.

ನಿನ್ನ ಪಕ್ಕದ ಮಂಚದವಳು,
ಸರೋಜಿ


ಸವಣೂರು
೧೮ ಜನವರಿ ೧೯೩೯

ಸರೋಜಿ,

ನೀನು ಸಂಕ್ರಮಣಕ್ಕೆ ಕಳಿಸಿದ ಎಳ್ಳು ಬಂತು. ಬೆಲ್ಲವಿಲ್ಲ, ಸಕ್ಕರೆಯ ಕುಸುರಿಯಿಲ್ಲ, ಬರೀ ಹುರಿದ ಎಳ್ಳು. ಇಂಥ ಸಂಕ್ರಮಣ ನನಗೆ ಇದೇ ಮೊದಲು. ಹಯಾತನಿಗೂ ಒಂದು ಹಿಡಿ ಕೊಟ್ಟೆ. ಗುಲ್ಕಂದ ಒಯ್ಯುವುದನ್ನು ಯಾಕೆ ಬಿಟ್ಟಿರಿ, ನನ್ನ ಕೈ ಕೆಟ್ಟಿತೇನು ಎಂದು ಅವನು ಮುನಿಸಿಕೊಂಡಿದ್ದ. ನಿನ್ನ ಕೈ ಕೆಟ್ಟಿಲ್ಲ, ನನ್ನ ಬುದ್ಧಿ ಕೆಟ್ಟಿತ್ತು ಎಂದೆ.

ಹೋದ ವಾರ ನೀನು ಬಂದಾಗ ನಳಿಗೆ ಹಸಿರಿಗೇ ನಿಂತದ್ದನ್ನು ನೀನೂ ನೋಡಿದೆ. ಮೂರು ತಿಂಗಳಾದರೂ ಬೂಸು ಮರಳಿಲ್ಲ. ನೀನು ಹೋದ ಮರುದಿನ ವೀರವ್ವ ಬಂದಳು. ಎರಡು ದಿನ ಇದ್ದಳು. ನಳಿಗೆ ಹಿಡಿಯುವುದು, ಹನಿ ಎಣಿಸುವುದು, ಬಣ್ಣ ಓದುವುದು ಎಲ್ಲ ಕಲಿತಳು. ಅವಳ ಕೈ ನನ್ನ ಕೈಗಿಂತ ಗಟ್ಟಿ, ನಡುಗುವುದಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಐದನೆಯ ತೊಗಟೆಯ ಹೆಸರು ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಬಂದವರಿಗೆ ಈಗ ನಾನು ಅವಳ ಹೆಸರು ಹೇಳುತ್ತೇನೆ, ಬೇರೆ ರೀತಿಯಲ್ಲಿ. ನಾಡಿ ಹಿಡಿಯುವ ಮೊದಲು ಬಚ್ಚಲದ ಇರುವೆಯ ಸುದ್ದಿ ಕೇಳುತ್ತೇನೆ. ನವೆಂಬರಿನಿಂದ ಈವರೆಗೆ ಹಾಗೆ ಇಬ್ಬರು ಸಿಕ್ಕಿದ್ದಾರೆ. ಅವರಲ್ಲಿ ಒಬ್ಬಳು ಗಂಡನನ್ನು ಬಿಟ್ಟು ಬಂದವಳು. ಅವಳಿಗೆ ನಾನೇ ಒಂದು ಕಾಗದ ಬರೆದುಕೊಟ್ಟೆ.

ಈ ಕೃತಜ್ಞತೆಯನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯದಾಗಿದೆ. ನನ್ನನ್ನು ತಿದ್ದಿದವಳಿಗೆ ಓದು ಬರುವುದಿಲ್ಲ. ನನ್ನ ತಪ್ಪಿನಿಂದ ನೋವುಂಡವಳು ನನಗೆ ಎಳ್ಳು ಕಳಿಸುತ್ತಾಳೆ. ನಾನು ಸಂಶಯಿಸಿದ ಮನುಷ್ಯ ಆ ಎಳ್ಳಿನ ಪುಡಿಕೆಯ ಮೇಲೆ ತನ್ನ ದುಂಡು ಅಕ್ಷರದಲ್ಲಿ 'ಡಾಕ್ಟರ ಅಕ್ಕಾವರಿಗೆ' ಎಂದು ಬರೆದಿದ್ದಾರೆ.

ಲಗ್ನಕ್ಕೆ ಬರುತ್ತೇನೆ. ಎರಡು ದಿನ ಮೊದಲೇ ಬರುತ್ತೇನೆ. ಈ ಸಲವೂ ನಮ್ಮ ಮನೆಯಲ್ಲಿ ಹೇಳುವುದಿಲ್ಲ, ಕೇಳುವವರು ಯಾರೂ ಉಳಿದಿಲ್ಲ. ಊಟಕ್ಕೆ ನಿನ್ನ ಪಕ್ಕದ ಎಲೆ ನನ್ನದು. ಬಡಿಸುವವರಿಗೆ ನಿನ್ನ ಎಲೆಗೂ ಹೋಳಿಗೆ ಬಡಿಸಲು ಹೇಳು, ಬೇಡ ಎನ್ನಬೇಡ. ಅದನ್ನೂ ನಾನೇ ತಿನ್ನುತ್ತೇನೆ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬಿಟ್ಟುಹೋಗಿದ್ದೆನಲ್ಲ.

ಗೋಪಿ